ಮಾವಿನ ಮರದ ಬಿಜ್ಜು: ಗೂಡು ಕೀಳಬೇಕೆ, ಬಿಡಬೇಕೆ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಯುಗಾದಿ ಕಳೆದ ಮೇಲೆ ನಮ್ಮ ಹಿತ್ತಿಲಿನ ಮಾವಿನ ಮರದಲ್ಲಿ ಪಾರಿವಾಳದ ಗಾತ್ರದ ಒಂದು ಜೋಡಿ ಹಕ್ಕಿ ಗೂಡು ಕಟ್ಟಿದೆ. ಬೆನ್ನು ಬೂದು ಬಣ್ಣ, ಎದೆಯ ಮೇಲೆ ಕಂದುಗೆಂಪಿನ ಅಡ್ಡಗೆರೆಗಳಿವೆ, ಎರಡರಲ್ಲಿ ಚಿಕ್ಕದರ ಕಣ್ಣು ಕೆಂಡದಂತೆ ಕೆಂಪಾಗಿದೆ. ಕಳೆದ ವಾರ ಇದು ಎರಡು ಕೋಳಿಮರಿಗಳನ್ನು ಹೊತ್ತೊಯ್ದಿತು. ಇದು ಗಿಡುಗ, ಗೂಡು ಕಿತ್ತುಹಾಕಿ ಎಂದು ನಮ್ಮ ತಂದೆಯವರು ಹೇಳುತ್ತಾರೆ. ಶಾಲೆಗೆ ಹೋಗುವ ಮಗಳು ಬೇಡವೇ ಬೇಡ ಎಂದು ಹಟ ಹಿಡಿದಿದ್ದಾಳೆ. ಇದು ಯಾವ ಹಕ್ಕಿ, ಏನು ತಿನ್ನುತ್ತದೆ, ಎಷ್ಟು ದಿನ ಇಲ್ಲಿರುತ್ತದೆ, ನಾವೇನು ಮಾಡಬೇಕು?

ಉತ್ತರ: ನೀವು ಕೊಟ್ಟಿರುವ ಗುರುತುಗಳಿಂದ ಹಕ್ಕಿ ಯಾವುದೆಂಬುದರಲ್ಲಿ ನನಗೆ ಸಂಶಯವಿಲ್ಲ. ಇದು ಶಿಕ್ರಾ, ಕನ್ನಡದಲ್ಲಿ ಬಿಜ್ಜು. ಕೆಂಗಣ್ಣಿನ ಚಿಕ್ಕ ಹಕ್ಕಿ ಗಂಡು, ಅದಕ್ಕಿಂತ ದೊಡ್ಡದಾಗಿ, ಬೆನ್ನಿನ ಬೂದು ಬಣ್ಣದಲ್ಲಿ ತುಸು ಕಂದು ಬೆರೆತು, ಕಣ್ಣು ಹಳದಿ ಅಥವಾ ಕಿತ್ತಳೆ ಬಣ್ಣಕ್ಕಿರುವುದು ಹೆಣ್ಣು. ನಿಮ್ಮ ತಂದೆಯವರ ಮಾತೂ ತಪ್ಪಲ್ಲ, ಏಕೆಂದರೆ ಗಿಡುಗವೆಂಬುದು ಬೇಟೆಹಕ್ಕಿಗಳ ಒಂದು ದೊಡ್ಡ ಬಳಗಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು, ಬಿಜ್ಜು ಆ ಬಳಗದ ಒಂದು ಸಣ್ಣ ಸದಸ್ಯ. ಆದರೆ ಗೂಡು ಕೀಳುವ ಸಲಹೆಯನ್ನು ಮಾತ್ರ ಅವರು ಕೈಬಿಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಕಾರಣವನ್ನು ವಿವರಿಸಬೇಕಾದರೆ ಈ ಹಕ್ಕಿಯ ಬದುಕನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಮೊದಲು ದೇಹದ ವಿಷಯ. ಮೂತಿಯಿಂದ ಬಾಲದ ತುದಿಯವರೆಗೆ ಬಿಜ್ಜು ಸುಮಾರು 30ರಿಂದ 36 ಸೆಂಟಿಮೀಟರ್ ಇರುತ್ತದೆ, ಅದರಲ್ಲಿ ಬಾಲದ ಪಾಲೂ ಸಾಕಷ್ಟಿದೆ. ತೂಕದಲ್ಲಿ ದೊಡ್ಡ ಹೆಣ್ಣೂ ಕಾಲು ಕಿಲೋದ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಗಂಡು ಇನ್ನೂ ಹಗುರ. ಊರ ಮೇಲೆ ಗಂಟೆಗಟ್ಟಲೆ ಸುತ್ತುವ ಹದ್ದಿನ ರೆಕ್ಕೆ ಉದ್ದವಾಗಿ, ಅಗಲವಾಗಿ ಗಾಳಿಯ ಮೇಲೆ ತೇಲುವುದಕ್ಕೆ ಹೇಳಿ ಮಾಡಿಸಿದಂತಿದೆ. ಬಯಲಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಲ್ಲುವ ಚಾಣದ ರೆಕ್ಕೆ ಚೂಪಾಗಿದೆ. ಬಿಜ್ಜುವಿನ ರೆಕ್ಕೆ ಇವೆರಡರಂತೆಯೂ ಅಲ್ಲ. ಅದು ಗಿಡ್ಡ, ತುದಿಯಲ್ಲಿ ದುಂಡು. ಬಾಲ ಉದ್ದ. ಕೊಂಬೆ ಕೊಂಬೆಗಳ ನಡುವೆ ನುಗ್ಗುವಾಗ ಉದ್ದ ರೆಕ್ಕೆ ಎಲೆಗಳಿಗೆ ಬಡಿಯುತ್ತದೆ, ಗಿಡ್ಡ ರೆಕ್ಕೆ ಬಡಿಯುವುದಿಲ್ಲ. ಉದ್ದನೆಯ ಬಾಲವಾದರೋ ಓಟದ ನಡುವೆ ಥಟ್ಟನೆ ತಿರುಗುವುದಕ್ಕೆ ದೋಣಿಯ ಚುಕ್ಕಾಣಿಯಂತೆ ಒದಗುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಬಿಜ್ಜುವಿನ ಮಿಕ್ಕೆಲ್ಲ ನಡವಳಿಕೆಯೂ ಅರ್ಥವಾಗುತ್ತದೆ. ಇದು ದೂರ ಓಡುವ ಹಕ್ಕಿಯಲ್ಲ. ಮರೆಯಲ್ಲಿ ಕಾದು, ಹತ್ತಿಪ್ಪತ್ತು ಮಾರು ಮಾತ್ರ ಶರವೇಗದಲ್ಲಿ ನುಗ್ಗುವ ಹಕ್ಕಿ.

ಹಾಗಾಗಿಯೇ ಅದಕ್ಕೆ ದಟ್ಟ ಕಾಡೇ ಬೇಕೆಂದಿಲ್ಲ. ಮರವಿರಬೇಕು, ಮರದ ಪಕ್ಕದಲ್ಲಿ ಸ್ವಲ್ಪ ಬಯಲಿರಬೇಕು. ಮಂಡ್ಯ ಜಿಲ್ಲೆಯ ನಾಲಾ ಬಯಲಿನಲ್ಲಿ ಭತ್ತ, ಕಬ್ಬಿನ ಗದ್ದೆಗಳ ನಡುವೆ ತೆಂಗು, ಮಾವು, ಹೊಂಗೆ, ಹುಣಸೆಗಳ ಸಾಲು ಇರುವಲ್ಲೆಲ್ಲ ಅದು ನೆಮ್ಮದಿಯಾಗಿದೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿ, ಮಾನಸಗಂಗೋತ್ರಿಯ ಮರಗಳು, ಚಾಮುಂಡಿ ಬೆಟ್ಟದ ಕುರುಚಲು ಕಾಡು, ಹಳೆಯ ಬಡಾವಣೆಗಳ ಮಳೆಮರಗಳು, ಇವೆಲ್ಲ ಅದರ ನೆಲೆಗಳೇ. ಮುಂಜಾನೆ ನಡೆಯಲು ಹೋಗುವವರಲ್ಲಿ ಎಷ್ಟೋ ಜನ ಅದರ ಕೆಳಗೇ ಹಾದುಹೋಗುತ್ತಾರೆ, ನೋಡುವುದಿಲ್ಲ. ಏಕೆಂದರೆ ಅದು ಹದ್ದಿನಂತೆ ಬರಿಯ ಕೊಂಬೆಯ ತುದಿಯಲ್ಲಿ ಕೂರದೆ ಎಲೆಗಳ ಒಳಗೆ ಕಾಂಡಕ್ಕೆ ಒತ್ತಿಕೊಂಡು ಕೂರುತ್ತದೆ.

ಅದನ್ನು ಕಂಡುಹಿಡಿಯಲು ಕಣ್ಣಿಗಿಂತ ಕಿವಿ ಒಳ್ಳೆಯದು. ಅದರ ಕೂಗು ‘ಟಿಟೂ ಟಿಟೂ’ ಎಂಬ ಎರಡು ಸ್ವರದ ಚೂಪು ದನಿ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು: ಕಾಜಾಣವೂ ಈ ಕೂಗನ್ನು ಹುಬೇಹೂಬು ಅನುಕರಿಸುತ್ತದೆ, ನನ್ನನ್ನೂ ಅದು ಎಷ್ಟೋ ಬಾರಿ ಮೋಸಗೊಳಿಸಿದೆ. ಬಿಜ್ಜುವನ್ನು ಖಚಿತವಾಗಿ ತಿಳಿಸಿಕೊಡುವವು ಬೇರೆ ಹಕ್ಕಿಗಳು. ಪಿಕಳಾರ, ಗೊರವಂಕ, ಹರಟೆಮಲ್ಲಗಳು ಒಂದೇ ಮರದ ಕಡೆ ಮುಖಮಾಡಿ ಒಟ್ಟಾಗಿ ಗಲಾಟೆ ಮಾಡುತ್ತಿದ್ದರೆ, ಅಳಿಲು ಬಾಲ ಕುಣಿಸುತ್ತ ಬಿಡದೆ ಚಿಟಗುಟ್ಟುತ್ತಿದ್ದರೆ, ಆ ಮರದಲ್ಲಿ ಹಾವೋ ಬೆಕ್ಕೋ ಬಿಜ್ಜುವೋ ಇದೆಯೆಂದು ತಿಳಿಯಬಹುದು.

ಗುರುತಿನ ವಿಷಯದಲ್ಲಿ ಇನ್ನೊಂದು ಗೊಂದಲ ಸಾಮಾನ್ಯವಾದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಹಗಲು ರಾತ್ರಿಯೆನ್ನದೆ ದನಿ ಏರಿಸುತ್ತ ಏರಿಸುತ್ತ ಕೂಗುವ, ಹಿಂದಿಯವರು ಪಪೀಹಾ ಎನ್ನುವ ಕೋಗಿಲೆ ಜಾತಿಯ ಹಕ್ಕಿಯೊಂದಿದೆ. ಬೂದು ಬೆನ್ನು, ಪಟ್ಟೆ ಬಾಲ, ಹಾರುವ ರೀತಿ, ಬಂದು ಕೂರುವ ಭಂಗಿ, ಎಲ್ಲದರಲ್ಲೂ ಅದು ಬಿಜ್ಜುವಿನ ಪ್ರತಿರೂಪ. ಅದು ಹಾರಿ ಬಂದರೆ ಸಣ್ಣ ಹಕ್ಕಿಗಳು ಬಿಜ್ಜುವೇ ಬಂತೆಂದು ಗಾಬರಿಯಾಗುತ್ತವೆ. ಅದಕ್ಕೆ ಗೂಡಿಲ್ಲ, ಹರಟೆಮಲ್ಲಗಳ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕೊಕ್ಕನ್ನು ನೋಡಿದರೆ ಅನುಮಾನ ಉಳಿಯುವುದಿಲ್ಲ. ಕೋಗಿಲೆಯ ಕೊಕ್ಕು ಬಹುಪಾಲು ನೇರ, ಕಾಲು ಬಡಕಲು. ಬಿಜ್ಜುವಿನ ಕೊಕ್ಕು ಕೊಕ್ಕೆಯಂತೆ ಬಾಗಿದೆ, ಹಳದಿ ಕಾಲಿನಲ್ಲಿ ಬಾಗಿದ ಕರಿಯ ಉಗುರುಗಳಿವೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಸ್ರಾ ಎಂಬ ಇದರ ಹತ್ತಿರದ ನೆಂಟನೂ ಇದ್ದಾನೆ. ಬಿಜ್ಜುವಿನ ಬಿಳಿ ಗಂಟಲಿನ ನಡುವೆ ಮಸುಕಾದ ಒಂದು ತೆಳುಗೆರೆ ಮಾತ್ರ ಇದ್ದರೆ, ಬೆಸ್ರಾದ ಗಂಟಲಲ್ಲಿ ಅದು ಕಪ್ಪಾಗಿ, ದಪ್ಪವಾಗಿ ಎದ್ದು ಕಾಣುತ್ತದೆ. ನಿಮ್ಮ ಹಿತ್ತಿಲಿಗೆ ಬೆಸ್ರಾ ಬಂದು ಗೂಡು ಕಟ್ಟುವ ಸಂಭವವಿಲ್ಲ.

ಇನ್ನು ಆಹಾರ. ನಿಮ್ಮ ದೂರಿನ ಮೂಲ ಇದೇ ಆದ್ದರಿಂದ ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಬಿಜ್ಜು ಮುಖ್ಯವಾಗಿ ಹಿಡಿಯುವುದು ಓತಿಕ್ಯಾತಗಳನ್ನು. ಅದರ ಪಾದವೇ ಇದಕ್ಕೆ ಸಾಕ್ಷಿ. ಹಾರುವ ಹಕ್ಕಿಗಳನ್ನೇ ನೆಚ್ಚಿಕೊಂಡ ಬೆಸ್ರಾದಂಥ ಗಿಡುಗಗಳಲ್ಲಿ ನಡುಬೆರಳು ತೆಳ್ಳಗೆ, ಬಹಳ ಉದ್ದಕ್ಕೆ ಬೆಳೆದಿರುತ್ತದೆ, ಏಕೆಂದರೆ ಗಾಳಿಯಲ್ಲಿ ತಪ್ಪಿಸಿಕೊಳ್ಳುವ ಗರಿಯ ಮುದ್ದೆಯನ್ನು ದೂರದಿಂದಲೇ ಬಾಚಿ ಹಿಡಿಯಬೇಕು. ಬಿಜ್ಜುವಿನ ಬೆರಳುಗಳು ಅವಕ್ಕೆ ಹೋಲಿಸಿದರೆ ಗಿಡ್ಡ, ದಪ್ಪ. ಇವು ಮರದ ಕಾಂಡದ ಮೇಲೋ ನೆಲದ ಮೇಲೋ ಇರುವ ಪ್ರಾಣಿಯನ್ನು ಒತ್ತಿ ಹಿಡಿಯುವ ಬೆರಳುಗಳು. ಓತಿಕ್ಯಾತದ ನಂತರ ಇಲಿ, ಅಳಿಲು, ಕಪ್ಪೆ, ಸಣ್ಣ ಹಾವು, ಮಿಡತೆ, ಏರೋಪ್ಲೇನ್ ಚಿಟ್ಟೆ, ಗುಬ್ಬಚ್ಚಿ ಪಿಕಳಾರಗಳಂಥ ಸಣ್ಣ ಹಕ್ಕಿಗಳು, ಗೂಡಿನಲ್ಲಿರುವ ಅವುಗಳ ಮರಿಗಳು ಎಲ್ಲವೂ ಅದಕ್ಕೆ ಊಟವೇ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನೆಲದಿಂದ ರೆಕ್ಕೆಯ ಗೆದ್ದಲು ಎದ್ದಾಗ, ಇಷ್ಟು ಬಿರುಸಿನ ಬೇಟೆಗಾರ ಗಾಳಿಯಲ್ಲಿ ಸುತ್ತುತ್ತ ಹುಳುಗಳನ್ನು ಕಾಲಿನಿಂದ ಹಿಡಿದು ಹಾರುತ್ತಲೇ ಬಾಯಿಗಿಟ್ಟುಕೊಳ್ಳುವುದನ್ನು ನೋಡಬಹುದು. ಬಿಡುವಿದ್ದರೆ ಆ ಸಂಜೆ ನಿಮ್ಮ ಮಗಳನ್ನು ಅಂಗಳದಲ್ಲಿ ಕೂರಿಸಿಕೊಳ್ಳಿ.

ಬೇಟೆಯ ಕ್ರಮ ಹೀಗಿದೆ. ಬಿಜ್ಜು ಎಲೆಮರೆಯಲ್ಲಿ ಅಲುಗಾಡದೆ ಕೂರುತ್ತದೆ, ತಲೆ ಮಾತ್ರ ತಿರುಗುತ್ತಿರುತ್ತದೆ. ಬೇಟೆಹಕ್ಕಿಯ ಕಣ್ಣು ಅದರ ತಲೆಬುರುಡೆಯ ದೊಡ್ಡ ಭಾಗವನ್ನೇ ತುಂಬಿಕೊಂಡಿರುವುದರಿಂದ ಕಣ್ಣುಗುಡ್ಡೆಯನ್ನು ನಮ್ಮಂತೆ ಹೊರಳಿಸಲು ಬರುವುದಿಲ್ಲ, ಕತ್ತನ್ನೇ ಹೊರಳಿಸಬೇಕು. ಅಂಥ ಒಂದೊಂದು ಕಣ್ಣಿನೊಳಗೂ ತೀಕ್ಷ್ಣವಾಗಿ ಕಾಣುವ ಬಿಂದುಗಳು ಎರಡೆರಡು, ನಮಗೆ ಒಂದೊಂದೇ. ಗುರಿ ಸಿಕ್ಕಿದೊಡನೆ ಅದು ಕೊಂಬೆಯಿಂದ ಕೆಳಕ್ಕೆ ಜಾರಿ, ನೆಲಕ್ಕೆ ಹತ್ತಿರವಾಗಿ, ಪೊದೆಯನ್ನೋ ಬೇಲಿಯನ್ನೋ ಗೋಡೆಯನ್ನೋ ಮರೆಮಾಡಿಕೊಂಡು, ನಾಲ್ಕಾರು ಬಾರಿ ರೆಕ್ಕೆ ಬಡಿದು ಒಂದಿಷ್ಟು ತೇಲಿ, ಮತ್ತೆ ಬಡಿದು, ಕೊನೆಯ ಕ್ಷಣದಲ್ಲಿ ಕಾಲು ಚಾಚಿ ಎರಗುತ್ತದೆ. ತಪ್ಪಿದರೆ ಬಹುಮಟ್ಟಿಗೆ ಬೆನ್ನಟ್ಟುವುದಿಲ್ಲ, ಇನ್ನೊಂದು ಕೊಂಬೆಗೆ ಹೋಗಿ ಕೂರುತ್ತದೆ. ಚಾಣದ ಬಳಗದ ಹಕ್ಕಿಗಳು ಕೊಕ್ಕಿನಿಂದ ಕತ್ತು ಮುರಿದು ಬೇಟೆಯನ್ನು ಕೊಂದರೆ ಗಿಡುಗದ ಬಳಗದವು ಉಗುರಿನ ಹಿಡಿತದಿಂದಲೇ ಕೊಲ್ಲುತ್ತವೆ. ಆಮೇಲೆ ಮರೆಯ ಒಂದು ಕೊಂಬೆಗೆ ಒಯ್ದು, ಪುಕ್ಕವನ್ನೋ ರೋಮವನ್ನೋ ಕಿತ್ತು ತಿನ್ನುತ್ತವೆ. ಕರಗದ ಗರಿ, ರೋಮ, ಮೂಳೆಚೂರುಗಳು ಹೊಟ್ಟೆಯಲ್ಲಿ ಉಂಡೆಕಟ್ಟಿ ಬಾಯಿಂದಲೇ ಹೊರಬರುತ್ತವೆ. ಗೂಡಿನ ಮರದ ಕೆಳಗೆ ಇಂಥ ಉಂಡೆಗಳನ್ನು ಆಯ್ದು, ಬಿಸಿಲಲ್ಲಿ ಒಣಗಿಸಿ, ಕಡ್ಡಿಯಿಂದ ಬಿಡಿಸಿದರೆ ಅದು ಏನು ತಿಂದಿದೆಯೆಂಬುದು ನಿಮಗೇ ತಿಳಿಯುತ್ತದೆ. ನಿಮ್ಮ ತಂದೆಯವರಿಗೆ ಅವನ್ನು ತೋರಿಸಿ. ನನ್ನ ಮಾತಿಗಿಂತ ಆ ಉಂಡೆಗಳು ಅವರನ್ನು ಚೆನ್ನಾಗಿ ಒಪ್ಪಿಸಬಲ್ಲವು.

ಹಾಗಾದರೆ ಕೋಳಿಮರಿಗಳನ್ನು ಏಕೆ ಒಯ್ದಿತು? ಅದು ಗೂಡು ಕಟ್ಟಿರುವುದರಿಂದ. ನಮ್ಮ ಕಡೆ ಬಿಜ್ಜು ಮಾರ್ಚ್‌ನಿಂದ ಜೂನ್‌ವರೆಗೆ ಸಂಸಾರ ಹೂಡುತ್ತದೆ. ಅದಕ್ಕೆ ಮುಂಚೆ ಜೋಡಿ ಮರಗಳ ಮೇಲೆ ಎತ್ತರಕ್ಕೇರಿ, ಕೂಗುತ್ತ, ಮೇಲೆ ಕೆಳಗೆ ತೂಗಾಡಿದಂತೆ ಹಾರುವುದನ್ನು ನೀವು ಶಿವರಾತ್ರಿಯ ಸುಮಾರಿಗೆ ಕೇಳಿರಬಹುದು, ಕಂಡಿರಬಹುದು. ಆಮೇಲೆ ಗಂಡು ಹೆಣ್ಣು ಎರಡೂ ಸೇರಿ ಕಡ್ಡಿಗಳನ್ನು ಕಾಲಿನಲ್ಲಿ ಹಿಡಿದು ತಂದು, ಮರದ ಮೇಲಿನ ಕವಲಿನಲ್ಲಿ ಕಾಗೆಗೂಡಿನಂಥದೇ ಒಂದು ಒರಟು ಅಟ್ಟಣೆ ಕಟ್ಟಿ ಒಳಗೆ ಹುಲ್ಲು ಹಾಸುತ್ತವೆ. ಸಾಮಾನ್ಯವಾಗಿ ಮೂರೋ ನಾಲ್ಕೋ ಮೊಟ್ಟೆ, ತಿಳಿನೀಲಿ ಬೂದು ಬಣ್ಣ, ದಪ್ಪ ತುದಿಯಲ್ಲಿ ಕಪ್ಪು ಚುಕ್ಕೆ. ಕಾವು ಸುಮಾರು ಮೂರು ವಾರ. ಮರಿಗಳು ಗೂಡಿನಲ್ಲಿರುವುದು ತಿಂಗಳ ಆಸುಪಾಸು.

ಈ ಅವಧಿಯಲ್ಲಿ ಗಂಡು ಹೆಣ್ಣುಗಳ ಕೆಲಸ ಬೇರೆಯಾಗುತ್ತದೆ. ಹೆಣ್ಣು ಹೆಚ್ಚಿನ ಹೊತ್ತು ಗೂಡು ಬಿಟ್ಟು ಕದಲುವುದಿಲ್ಲ, ಬೇಟೆಯ ಹೊರೆ ಗಂಡಿನದು. ಮೈಸೂರಿನಲ್ಲಿ ಒಂದು ಮಳೆಮರದ ಗೂಡನ್ನು ಬೇಸಿಗೆಯುದ್ದಕ್ಕೂ ಬೆಳಿಗ್ಗೆ ಬೆಳಿಗ್ಗೆ ಹೋಗಿ ನೋಡಿದ್ದೇನೆ. ಗಂಡು ನೇರವಾಗಿ ಗೂಡಿಗೆ ಬರುತ್ತಿರಲಿಲ್ಲ. ಪಕ್ಕದ ಮರದಲ್ಲಿ ಕೂತು ಮೆಲ್ಲಗೆ ಕರೆಯುತ್ತಿತ್ತು. ಹೆಣ್ಣು ಎದ್ದುಹೋಗಿ, ತಂದದ್ದನ್ನು ಇಸಿದುಕೊಂಡು, ಬೇರೆ ಕೊಂಬೆಯಲ್ಲಿ ತಿಂದೋ ಚೂರುಮಾಡಿಕೊಂಡೋ ಮರಳುತ್ತಿತ್ತು. ನನಗೆ ಗುರುತಿಸಲು ಸಾಧ್ಯವಾದ ಸಲಗಳಲ್ಲಿ ಬಹುಪಾಲು ಗಂಡಿನ ಕಾಲಲ್ಲಿ ನೇತಾಡುತ್ತಿದ್ದುದು ಓತಿಕ್ಯಾತದ ಉದ್ದ ಬಾಲ. ಬೇಟೆಹಕ್ಕಿಗಳಲ್ಲಿ ಹೆಣ್ಣೇ ಏಕೆ ದೊಡ್ಡದು ಎಂಬುದಕ್ಕೆ ವಿಜ್ಞಾನಿಗಳು ಹಲವು ವಿವರಣೆ ಕೊಟ್ಟಿದ್ದಾರೆ. ಚಿಕ್ಕ ಗಂಡು ಚುರುಕಾದ ಸಣ್ಣ ಬೇಟೆಯನ್ನು ಮೇಲಿಂದ ಮೇಲೆ ತರಬಲ್ಲದು, ದೊಡ್ಡ ಹೆಣ್ಣು ಗೂಡನ್ನು ಕಾಯಬಲ್ಲದು ಎಂಬ ವಿವರಣೆ, ಆ ಜೋಡಿಯನ್ನು ನೋಡಿದ ಮೇಲೆ, ನನಗೆ ಹೆಚ್ಚು ಒಪ್ಪಿಗೆಯಾಯಿತು. ಮರಿಗಳು ಬೆಳೆದು ಹಸಿವು ಹೆಚ್ಚಿದಂತೆ ಹೆಣ್ಣೂ ಬೇಟೆಗಿಳಿಯುತ್ತದೆ. ಮೂರು ನಾಲ್ಕು ಮರಿಗಳ ಬಾಯಿಗೆ ಒದಗಿಸಬೇಕಾದ ಆ ದಿನಗಳಲ್ಲಿ ಅಂಗಳದಲ್ಲಿ ತಾಯಿಯಿಂದ ಮೂರು ಮಾರು ದೂರ ಹೋದ ಕೋಳಿಮರಿ, ಅದರ ಕಣ್ಣಿಗೆ ಓತಿಕ್ಯಾತಕ್ಕಿಂತ ಸುಲಭವಾದ ತುತ್ತಾಗಿ ಕಾಣುತ್ತದೆ.

ಆದ್ದರಿಂದ ನಿಮ್ಮ ತೊಂದರೆ ನಿಜ, ಆದರೆ ಅದಕ್ಕೆ ಕೊನೆಯಿದೆ. ಕಾಲು ಕಿಲೋ ತೂಗುವ ಹಕ್ಕಿ ತನ್ನ ತೂಕದ ಮರಿಯನ್ನು ಹೊತ್ತೊಯ್ಯಲಾರದು. ಅಪಾಯವಿರುವುದು ಮೊಟ್ಟೆಯೊಡೆದು ಬಂದ ಮೊದಲ ಕೆಲವು ವಾರಗಳ ಹೂಮರಿಗಳಿಗೆ ಮಾತ್ರ. ಅವನ್ನು ತಾಯಿಯ ಸಮೇತ ಮಂಕರಿಯ ಅಡಿ ಕವುಚಿಡಿ, ಇಲ್ಲವೇ ಮೇಲೆಯೂ ಬಲೆ ಹೊದಿಸಿದ ಒಂದು ಸಣ್ಣ ಆವರಣದಲ್ಲಿ ಬಿಡಿ. ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಜೋಲುವ ಬಲೆಗೆ ಎರಗಿದ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಅಂಗಳದಲ್ಲಿ ಮರಿಗಳು ಓಡಿ ಅಡಗಲು ಒಂದೆರಡು ಕಡೆ ಸೋಗೆಯನ್ನೋ ಹಳೆಯ ಬುಟ್ಟಿಯನ್ನೋ ಓರೆಯಾಗಿ ನಿಲ್ಲಿಸಿದರೂ ಎಷ್ಟೋ ಉಳಿಯುತ್ತವೆ. ತಾಯಿಕೋಳಿ ಎಚ್ಚರಿಸಿದಾಗ ಮರಿಗಳಿಗೆ ಓಡಿಹೋಗಲು ಜಾಗವಿರಬೇಕು, ಅಷ್ಟೇ.

ಗೂಡು ಕೀಳುವುದು ಇದಕ್ಕೆ ಪರಿಹಾರವೂ ಅಲ್ಲ. ಮೊಟ್ಟೆ ಕಳೆದುಕೊಂಡ ಬಿಜ್ಜು ಮತ್ತೆ ಮೊಟ್ಟೆಯಿಡಬಲ್ಲದು; ಆಗ ಜೂನ್‌ಗೆ ಮುಗಿಯಬೇಕಾದ ಕೆಲಸ ಇನ್ನಷ್ಟು ಮುಂದಕ್ಕೆ ಹೋಗುತ್ತದೆ, ಹಕ್ಕಿ ನಿಮ್ಮ ತೋಟವನ್ನು ಬಿಟ್ಟುಹೋಗುವುದಿಲ್ಲ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಿಡುಗಗಳು ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯಿರುವ ಪ್ರಾಣಿಗಳ ಸಾಲಿನಲ್ಲಿ ಬರುತ್ತವೆ. ಹಕ್ಕಿಯನ್ನು ಕೊಲ್ಲುವುದಷ್ಟೇ ಅಲ್ಲ, ಮೊಟ್ಟೆಯನ್ನು ಹಾಳುಮಾಡುವುದು, ಗೂಡನ್ನು ಕದಲಿಸುವುದು ಕೂಡ ಅಪರಾಧ. ಆದರೆ ಕಾನೂನಿನ ಭಯದಿಂದ ಮಾತ್ರ ನೀವು ಸುಮ್ಮನಿರಬೇಕೆಂದು ನನ್ನ ಆಸೆಯಲ್ಲ. ಆ ಜೋಡಿ ನಿಮ್ಮ ಹಿತ್ತಿಲು, ಗದ್ದೆಯ ಬದುಗಳಿಂದ ಮಿಡತೆಯನ್ನೂ ಇಲಿಯನ್ನೂ ದಿನವೂ ಎತ್ತುತ್ತಿದೆ. ಕಬ್ಬು, ಭತ್ತ ಬೆಳೆಯುವವರಿಗೆ ಇಲಿಯ ಕಾಟ ಎಂಥದೆಂದು ನಾನು ಹೇಳಬೇಕಾಗಿಲ್ಲ.

ಇಲಿಯ ಮಾತು ಬಂದದ್ದರಿಂದ ಒಂದು ಕೋರಿಕೆ. ಗೂಡು ಇರುವಷ್ಟು ದಿನವಾದರೂ ತೋಟಕ್ಕೆ ಬ್ರೋಮಾಡಿಯೋಲೋನ್‌ನಂಥ ಇಲಿಪಾಷಾಣ ಇಡಬೇಡಿ. ಅದನ್ನು ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದಿ, ಕೆಲವು ದಿನ ಮಂಕಾಗಿ ಹಗಲಲ್ಲೂ ಬಯಲಿಗೆ ಬಂದು ಓಡಾಡುತ್ತದೆ. ಕಾದು ಕೂತ ಬಿಜ್ಜುವಿಗೆ ಅಂಥ ಇಲಿಯೇ ಮೊದಲು ಸಿಗುವುದು. ಇಲಿಯ ಮೈಯಲ್ಲಿರುವ ವಿಷ ಹಕ್ಕಿಗೂ ಮರಿಗೂ ಸೇರುತ್ತದೆ. ಬೋನು ಇಡಿ. ಹಾಗೆಯೇ ಆಷಾಢದಲ್ಲಿ ಗಾಳಿಪಟ ಹಾರಿಸುವ ಹುಡುಗರಿಗೆ ಗಾಜುಪುಡಿ ಹಚ್ಚಿದ ಮಾಂಜಾ ದಾರ ಬಳಸಬೇಡಿರೆಂದು ಹೇಳಿ. ಆಗತಾನೆ ಹಾರಲು ಕಲಿತ ಮರಿಗಳು ಹೊರಬರುವ ಕಾಲವೂ ಅದಕ್ಕೆ ಹತ್ತಿರದ್ದೇ. ಕೊಂಬೆಗೆ ಸುತ್ತಿ ಉಳಿದ ದಾರ ರೆಕ್ಕೆಯನ್ನು ಕೊಯ್ದುಬಿಡುತ್ತದೆ.

ಈ ಹಕ್ಕಿಗೂ ಮನುಷ್ಯನಿಗೂ ಇರುವ ನಂಟು ಹಳೆಯದು. ಗಿಡುಗವನ್ನು ಪಳಗಿಸಿ ಬೇಟೆಯಾಡಿಸುವುದನ್ನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳಲ್ಲಿ ಒಂದಾಗಿ ವರ್ಣಿಸಿದ್ದಾನೆ. ಹಳಗನ್ನಡದಲ್ಲಿ ಇಂಥ ಹಕ್ಕಿಗೆ ಡೇಗೆ ಎಂಬ ಚೆಂದದ ಮಾತಿದೆ. ಶಿಕ್ರಾ ಎಂಬುದಕ್ಕೂ ಬೇಟೆಗಾರ ಎಂಬ ಅರ್ಥದ ಶಿಕಾರಿಗೂ ಮೂಲ ಒಂದೇ. ಬೇಗ ಪಳಗುತ್ತದೆ, ಮೈಗೆ ಮೀರಿದ ಕೆಚ್ಚಿದೆ ಎಂಬ ಕಾರಣಕ್ಕೆ ಭಾರತದ ಸಾಕಣೆಗಾರರು ಇದನ್ನು ಬಹಳ ಮೆಚ್ಚುತ್ತಿದ್ದರು. ವಿಜ್ಞಾನದ ಹೆಸರು ಇದಕ್ಕೆ 1788ರಲ್ಲಿ ಜರ್ಮನಿಯ ಜೀವವಿಜ್ಞಾನಿ ಗ್ಮೆಲಿನ್ ಕೊಟ್ಟದ್ದು. ಬಹುಕಾಲ ಆಕ್ಸಿಪಿಟರ್ ಬೇಡಿಯಸ್ ಎಂದು ಕರೆಯುತ್ತಿದ್ದರು. ಡಿಎನ್ಎ ಅಧ್ಯಯನಗಳ ನಂತರ ಈಚೆಗೆ ಟ್ಯಾಕಿಸ್ಪೈಜಾ ಎಂಬ ಕುಲಕ್ಕೆ ಸೇರಿಸಿದ್ದಾರೆ. ಮಗಳ ಹಳೆಯ ಪುಸ್ತಕದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು ಇದ್ದರೆ ಗಾಬರಿಯಾಗಬೇಕಿಲ್ಲ, ಹಕ್ಕಿ ಒಂದೇ.

ಇನ್ನು ಮುಂದಿನ ವಾರಗಳಿಗೆ ಬೇಕಾದ ಕೆಲವು ಮಾತುಗಳು. ಮಾವು ಕೊಯ್ಯುವ ಹೊತ್ತಿಗೆ ಗೂಡಿನಲ್ಲಿ ಮರಿಗಳಿರುತ್ತವೆ. ಗೂಡಿರುವ ಕೊಂಬೆಯನ್ನು ಬಿಟ್ಟು ಉಳಿದ ಕಡೆಯಿಂದ ಕಾಯಿ ಇಳಿಸಿ. ಮರ ಹತ್ತಿದವರ ತಲೆಯ ಮೇಲೆ ಹೆಣ್ಣುಹಕ್ಕಿ ಎರಗಬಹುದು. ಅದು ಹೆದರಿಸುವ ಆಟವಲ್ಲ, ಉಗುರು ತಾಗಿದರೆ ರಕ್ತ ಬರುತ್ತದೆ. ಟವೆಲ್ ಸುತ್ತಿಕೊಂಡು ಹತ್ತಲಿ, ಬೇಗ ಇಳಿಯಲಿ. ಬಿಸಿಲೇರಿದ ಹೊತ್ತಿನಲ್ಲಿ ಹೆಣ್ಣನ್ನು ಗೂಡಿನಿಂದ ಎಬ್ಬಿಸಬೇಡಿ, ಏಕೆಂದರೆ ಅದು ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಕೊಡುತ್ತಿರುತ್ತದೆ. ಮೇ ತಿಂಗಳ ಬಿಸಿಲಿಗೆ ಪುಕ್ಕವಿಲ್ಲದ ಮರಿ ಹೆಚ್ಚು ಹೊತ್ತು ತಡೆಯಲಾರದು.

ಮರಿಗಳು ಹಾರಲು ಬರುವುದಕ್ಕೆ ಕೆಲವು ದಿನ ಮುಂಚೆಯೇ ಗೂಡಿನಿಂದ ಪಕ್ಕದ ಕೊಂಬೆಗಳಿಗೆ ಬಂದು ಕೂರುತ್ತವೆ. ಆಗ ಒಂದೊಂದು ನೆಲಕ್ಕೂ ಬೀಳುತ್ತದೆ. ಬಿದ್ದ ಮರಿ ಅನಾಥವೆಂದು ತಿಳಿದು ಮನೆಯೊಳಗೆ ಒಯ್ದು ಹಾಲು, ಅನ್ನ ತಿನ್ನಿಸಬೇಡಿ. ಎರಡೂ ಅದರ ಆಹಾರವಲ್ಲ, ಅದರಿಂದಲೇ ಸತ್ತ ಮರಿಗಳನ್ನು ನೋಡಿದ್ದೇನೆ. ದಪ್ಪ ಬಟ್ಟೆಯಲ್ಲಿ ಹಿಡಿದು, ಬೆಕ್ಕು ನಾಯಿಗೆ ಎಟುಕದಂತೆ ಅದೇ ಮರದ ಕೊಂಬೆಯ ಮೇಲಿಟ್ಟರೆ ಅಥವಾ ಹುಲ್ಲು ಹಾಸಿದ ಬುಟ್ಟಿಯೊಂದನ್ನು ಕಟ್ಟಿ ಅದರಲ್ಲಿ ಕೂರಿಸಿದರೆ ಸಾಕು, ತಾಯಿ ತಂದೆ ಅಲ್ಲಿಗೇ ಬಂದು ಉಣಿಸುತ್ತವೆ. ಮನುಷ್ಯರು ಮುಟ್ಟಿದ ಮರಿಯನ್ನು ಹಕ್ಕಿ ಸೇರಿಸುವುದಿಲ್ಲ ಎಂಬ ಮಾತು ಸುಳ್ಳು. ರೆಕ್ಕೆ ಮುರಿದಿದ್ದರೆ, ಗಾಯವಿದ್ದರೆ ಮಾತ್ರ ರಟ್ಟಿನ ಡಬ್ಬಿಯಲ್ಲಿ ಕತ್ತಲೆಮಾಡಿಟ್ಟು ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ.

ಮಗಳಿಗೆ ಗೂಡನ್ನು ನೋಡಬೇಕೆಂಬ ಆಸೆಯಿದ್ದರೆ ಕಿಟಕಿಯಿಂದಲೋ ಇಪ್ಪತ್ತು ಮಾರು ದೂರದ ಒಂದೇ ಜಾಗದಿಂದಲೋ ದಿನವೂ ಅದೇ ಹೊತ್ತಿಗೆ ನೋಡಲಿ. ಹಕ್ಕಿಗೆ ಅವಳು ಬೇಗ ರೂಢಿಯಾಗುತ್ತಾಳೆ. ಗಂಡು ಏನನ್ನು ತಂದಿತು, ಎಷ್ಟು ಹೊತ್ತಿಗೆ ತಂದಿತು, ಕಾಜಾಣ ಎಷ್ಟು ಬಾರಿ ಅಟ್ಟಿತು ಎಂದು ತಾರೀಖು ಹಾಕಿ ಬರೆದಿಡಲಿ. ಮರಿಗಳು ಕೊಂಬೆಗೆ ಬಂದಾಗ ಅವು ದೊಡ್ಡವರಂತೆ ಬೂದು ಬಣ್ಣಕ್ಕಿರುವುದಿಲ್ಲ. ಬೆನ್ನು ಕಂದು, ಎದೆಯ ಮೇಲೆ ಅಡ್ಡಗೆರೆಯ ಬದಲು ಹನಿ ಇಳಿದಂಥ ಕಂದು ಮಚ್ಚೆಗಳು, ಕಣ್ಣು ಹಳದಿ. ಬೇರೆ ಯಾವುದೋ ಹಕ್ಕಿ ಗೂಡಿಗೆ ಬಂದಿದೆಯೆಂದು ಆಗ ನಿಮ್ಮ ತಂದೆಯವರು ಹೇಳಿದರೆ, ಅವು ಅದೇ ಜೋಡಿಯ ಮಕ್ಕಳೆಂದು ಅವಳೇ ತಿಳಿಸಲಿ.